ಮೋಟರ್ ಹಾಕೋಕ್ ಮುಂಚೆ

ಅಂಗೈಯಗಲದ ಆ ಕಂಪ್ಯೂಟರ್ ಬೋರ್ಡನ್ನು ಮಧ್ಯಾಹ್ನ ಗಿರಾಕಿಗೆ ತೋರಿಸಬೇಕಿತ್ತು. ಬೆಳಗಿನಿಂದ ಮಾನಿಟರ್ ಮೇಲೆ ಒಂದಕ್ಷರವೂ ಮೂಡಿರಲಿಲ್ಲ. ಕೇಬಲ್ ಬದಲಿಸಿದೆ, ಮೆಮೊರಿ ಕಾರ್ಡ್ ಬದಲಿಸಿದೆ, ಕೊನೆಗೆ ಬೈದೂ ನೋಡಿದೆ.

ಬೆಂಗಳೂರಿನ ಬಿಟಿಎಂ ಲೇಔಟಿನ ನನ್ನ ಬಾಡಿಗೆ ಮನೆಯ ಓನರ್ ಅಂಕಲ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಈಗ ಮನೆಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು.

"ಬೋರ್ಡ್ ಹಾಕಿ ಎಷ್ಟೋ ಹೊತ್ತಾದ್ಮೇಲೆ ಟೀವಿ ಹಾಕ್ತೀರಲ್ಲ, ಯಾಕ್ ಸಾರ್?"

"ಅದು ಮಾನಿಟರ್ ಅಂಕಲ್. ಕರೆಂಟ್ ಉಳಿಸಿ ಅಂತ ನೀವೇ ತಾನೆ ಹೇಳಿದ್ದು?"

"ವಾಲ್ವ್ ತೆಗೀದೆ ಮೋಟರ್ ಹಾಕಿದ್ರೆ ನೀರು ಎಲ್ಲಿಗ್ ಹೋಗ್ಬೇಕು? ಮೊದ್ಲು ದಾರಿ ಬಿಡಿ."

ನನಗೆ ರೇಗಿತು. ಅವರನ್ನು ಸಾಗಹಾಕಿದರೆ ಸಾಕೆಂದು ಮೊದಲು ಮಾನಿಟರ್ ಹಾಕಿ, ಆಮೇಲೆ ಬೋರ್ಡಿಗೆ ಕರೆಂಟ್ ಕೊಟ್ಟೆ. ಪರದೆ ತುಂಬ ಅಕ್ಷರ! ಬೋರ್ಡು ಶುರುವಾಗುವಾಗ ಮಾನಿಟರ್ ಆಫ್ ಆಗಿದ್ದರೆ ಅದು ಚಿತ್ರ ಕಳಿಸುವುದೇ ಇಲ್ಲವಂತೆ. ಕೈಪಿಡಿಯಲ್ಲಿ ಆಮೇಲೆ ಓದಿದೆ.

ಮರುದಿನ ಬೆಳಗ್ಗೆ ಅಂಕಲ್ ಬಾಗಿಲು ಬಡಿದರು.

"ಮೋಟರ್ ಓಡ್ತಿದೆ, ಟ್ಯಾಂಕಿಗೆ ನೀರೇ ಹತ್ತುತ್ತಿಲ್ಲ. ನೀವೊಂದ್ಸಲ ನೋಡಿ ಸಾರ್. ನಿನ್ನೆ ಹೇಳ್ಕೊಟ್ಟಿದ್ದೀನಲ್ಲ."

ಹೋಗಿ ನೋಡಿದೆ. ವಾಲ್ವ್ ಮುಚ್ಚಿತ್ತು.