ಫೋನ್ ಸಿಗದ ದಿನ

ನಮ್ಮ ಯಲ್ಲಾಪುರದ ಚರ್ಚಿಗೆ ಹಿಂದೂ ಮನೆಯಿಂದ ಮದುವೆಯಾಗಿ ಬಂದು ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ನಂಬಿಕೆಯಲ್ಲಿ ಬೆಳೆಸುವ ಹೊಣೆಯನ್ನು ಪಾಸ್ಟರು ನನಗೆ ಒಪ್ಪಿಸಿದ್ದರು. ಪಾಪ, ಅವಳು ಎಲ್ಲದಕ್ಕೂ ನನಗೇ ಫೋನ್ ಮಾಡುತ್ತಿದ್ದಳು. ತವರಿನವರ ಪೂಜೆಗೆ ಹೋಗಬಹುದಾ, ಅತ್ತೆ ಬೈದರೆ ತಿರುಗಿ ಮಾತಾಡಬಹುದಾ? "ಪ್ರಾರ್ಥನೆ ಮಾಡೇ ಮಾರಾಯ್ತಿ" ಎಂದು ರೇಗಿದರೂ ಕೊನೆಗೆ ಉತ್ತರ ನಾನೇ ಹೇಳುತ್ತಿದ್ದೆ.

ಮೊನ್ನೆ ಇಡಗುಂದಿಯ ತಂಗಿಯ ಮನೆಗೆ ಹೋಗಿದ್ದೆ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಭಾನುವಾರ ಚರ್ಚಿನ ಮೆಟ್ಟಿಲಲ್ಲೇ ಅವಳು ಸಿಕ್ಕಳು. ಅತ್ತೆಯ ಜೊತೆ ದೊಡ್ಡ ಜಗಳವಾಗಿತ್ತಂತೆ.

"ನಿಮ್ಮ ಫೋನ್ ಸಿಗ್ಲೇ ಇಲ್ಲ ಅಕ್ಕಾ. ಬೇರೆ ದಾರಿ ಇಲ್ದೆ ದೇವರನ್ನೇ ಕೇಳ್ದೆ."

"ಆಮೇಲೆ?"

"ನಾನೇ ಹೋಗಿ ಅತ್ತೆಯನ್ನ ಮಾತಾಡಿಸ್ದೆ. ಇಬ್ರೂ ಒಟ್ಟಿಗೆ ಊಟ ಮಾಡಿದ್ವು."

ಸದ್ಯ, ಫೋನ್ ಸಿಗಲಿಲ್ಲ. ಸಿಕ್ಕಿದ್ದರೆ, ಅತ್ತೆಯೇ ಬಂದು ಮಾತಾಡಿಸುವ ತನಕ ನೀನು ಮಾತು ಬಿಡು ಎಂದು ನಾನು ಹೇಳಿರುತ್ತಿದ್ದೆ.