ವಾಪಸು ಬಾರದ ಜೀಪು

ಆ ಫೋನ್ ಬಂದಾಗ ನಾನು ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದೆ. ಸಿಂಗಪುರದ ಸೆಂಗ್‌ಕಾಂಗ್‌ನಲ್ಲಿ ನಮ್ಮ ಹೊಸ ಫ್ಲ್ಯಾಟಿನ ಸುತ್ತ ಎಲ್ಲೆಲ್ಲೂ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಮಧ್ಯಾಹ್ನದ ಹೊತ್ತು ಅಡಿಪಾಯಕ್ಕೆ ಕಂಬ ಇಳಿಸುವ ಪೈಲಿಂಗ್ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಕಿಟಕಿ ಮುಚ್ಚಿ ಬಂದು, ಇನ್ನೊಮ್ಮೆ ಹೇಳಿ ಎಂದೆ. ನಾದಿನಿ ಕೆಲಸಕ್ಕಿದ್ದ ಸಂಸ್ಥೆಯ ನೈರೋಬಿ ಆಫೀಸಿನಿಂದ ಮಾತಾಡುತ್ತಿದ್ದ ಹೆಂಗಸು ಮೊದಲಿನಿಂದ ಹೇಳಿದಳು. ನನ್ನ ನಾದಿನಿ ಮತ್ತು ಅವಳ ಡ್ರೈವರ್ ಮಕ್ಕಳಿಗೆ ಲಸಿಕೆ ಹಾಕಲು ಕಾಂಗೋದ ಒಂದು ಹಳ್ಳಿಗೆ ಹೋಗಿದ್ದರು. ಜೀಪು ವಾಪಸು ಬಂದಿಲ್ಲ. ವೈರ್‌ಲೆಸ್‌ನಲ್ಲಿ ಕರೆದರೆ ಉತ್ತರವಿಲ್ಲ. ಆ ದಾರಿಯಲ್ಲಿ ಗುಂಡು ಹಾರುತ್ತಿದೆ.

ನಾದಿನಿ ನರ್ಸ್. ಮೈಸೂರಿನಲ್ಲಿ ಓದಿ, ಸಿಂಗಪುರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು, ನಮ್ಮ ಜೊತೆಯಲ್ಲೇ ಇದ್ದಳು. ಒಂದು ದಿನ ಊಟಕ್ಕೆ ಕೂತಾಗ, ಪರಿಹಾರ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿದೆ, ಕಾಂಗೋಗೆ ಹೋಗುತ್ತೇನೆ ಎಂದಳು. ಎಲ್ಲರೂ ಬೇಡವೆಂದರು. ಹೋದಳು. ತುರ್ತಿಗೆ ಅಂತ ಅವಳು ಕೊಟ್ಟಿದ್ದು ನಮ್ಮ ಮನೆಯ ನಂಬರು.

ನನ್ನ ಗಂಡ ತಮ್ಮ ಕಂಪ್ಯೂಟರ್ ಚಿಪ್ ಕಾರ್ಖಾನೆಯಿಂದ ಟ್ಯಾಕ್ಸಿ ಹಿಡಿದು ಬಂದರು. ಮನೆಯೊಳಗೆ ಕಾಲಿಡಲಿಲ್ಲ. ನನ್ನನ್ನೇ ಕೆಳಗೆ, ಬ್ಲಾಕಿನ ತಳದ ತೆರೆದ ಜಾಗವಾದ ವಾಯ್ಡ್ ಡೆಕ್‌ಗೆ ಕರೆದರು.

"ಅಮ್ಮಂಗೆ ಹೇಳ್ಬೇಡ," ಎಂದರು. "ಬಿಪಿ ಇದೆ. ನಾಳೆ ಹೊತ್ತಿಗೆ ಸಿಕ್ಕೇ ಸಿಕ್ತಾಳೆ."

"ಸಿಗದೇ ಇದ್ರೆ?"

ಅವರು ಲಿಫ್ಟಿನ ಗುಂಡಿ ಒತ್ತಿದರು.

ಅತ್ತೆ ಮೈಸೂರಿನಿಂದ ನಮ್ಮಲ್ಲಿಗೆ ಬಂದು ಕೆಲವೇ ವಾರಗಳಾಗಿದ್ದವು. ನಾದಿನಿ ಪ್ರತಿ ಭಾನುವಾರ ಅವರಿಗೆ ಫೋನ್ ಮಾಡುತ್ತಿದ್ದಳು. ಆ ಭಾನುವಾರ ಹತ್ತಿರ ಬರುತ್ತಿದೆ ಎನ್ನುವುದೇ ನನ್ನ ಎದೆಯ ಮೇಲೆ ಕೂತಿತ್ತು. ಹೊರದೇಶಕ್ಕೆ ಮಾತಾಡುವ ಕಾಲಿಂಗ್ ಕಾರ್ಡುಗಳನ್ನು ಕೊಂಡು ತಂದು, ತರಕಾರಿ ತರುವ ನೆಪದಲ್ಲಿ ಕೆಳಗಿಳಿದು ಅಲ್ಲಿನ ಸಾರ್ವಜನಿಕ ಫೋನಿನಿಂದಲೇ ಮಾತಾಡುತ್ತಿದ್ದೆ. ನೈರೋಬಿಯ ಆಫೀಸಿನವರು ಕಾಯಿರಿ ಎನ್ನುತ್ತಿದ್ದರು. ಕಾಂಗೋ ಗಡಿಯ ಪಟ್ಟಣದಲ್ಲಿದ್ದ ಅವರ ಆಫೀಸಿಗೆ ಲೈನ್ ಸಿಕ್ಕಿದರೆ ಆ ಕಡೆ ಫ್ರೆಂಚ್. ನಾನು ಅವಳ ಹೆಸರನ್ನಷ್ಟೇ ಹೇಳುತ್ತಿದ್ದೆ, ಆ ಕಡೆಯವರು ಏನೋ ಹೇಳುತ್ತಿದ್ದರು, ಅಷ್ಟರಲ್ಲಿ ಕಾರ್ಡು ಮುಗಿಯುತ್ತಿತ್ತು. ಆ ದನಿಯಲ್ಲಿ ದುಃಖವಿತ್ತೋ ಬರೀ ಬೇಸರವೋ ಎಂದು ತೂಗಿ ನೋಡುತ್ತ ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದೆ.

ಮನೆಯಲ್ಲಿ ಗಂಡ ಹೆಂಡತಿ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದೆವು. ಅತ್ತೆಗೆ ಅಷ್ಟು ಇಂಗ್ಲಿಷ್ ಬಾರದು. ಆದರೆ ನಮ್ಮ ಮಗಳಿಗೆ ಚೆನ್ನಾಗಿ ಬರುತ್ತದೆ ಎನ್ನುವುದನ್ನು ಮರೆತಿದ್ದೆವು. ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ದೋಸೆ ತಿನ್ನುತ್ತ ಅವಳು ಸ್ಕೂಲಿನ ಸಿಂಗಪುರ ಇಂಗ್ಲಿಷ್ ಬೆರೆಸಿ ಹೇಳಿದಳು:

"ಅಜ್ಜಿ, ಆಫ್ರಿಕಾ ಅತ್ತೆ ಲಾಸ್ಟ್ ಆಗ್ಬಿಟ್ಟಿದಾರೆ ಲಾ. ಡ್ಯಾಡಿ ಸೇಸ್ ನೋಬಡಿ ಕ್ಯಾನ್ ಫೈಂಡ್."

ಅತ್ತೆ ಒಲೆ ಆರಿಸಿದರು. ಕಾವಲಿಯ ಮೇಲಿದ್ದ ದೋಸೆ ಹಾಗೇ ಉಳಿಯಿತು. ನನ್ನ ಕಡೆ ತಿರುಗಿ, "ಯಾವತ್ತಿಂದ?" ಎಂದರು.

"ಬುಧವಾರದಿಂದ, ಅತ್ತೆ."

ಅವರು ನೆಲದ ಮೇಲೆ ಕೂತುಬಿಟ್ಟರು. ಬಿಪಿ ಮಾತ್ರೆ ತರಲು ನಾನು ಓಡಿದೆ. ಅಷ್ಟರಲ್ಲಿ ಗಂಡ ರೂಮಿನಿಂದ ಬಂದರು. ಅತ್ತೆ ಮಗನನ್ನು ನೋಡಿ ಗಟ್ಟಿ ದನಿಯಲ್ಲೇನೂ ಮಾತಾಡಲಿಲ್ಲ.

"ನಾನು ಅವಳನ್ನ ಹೆತ್ತೋಳು ಕಣೋ. ದಾರಿ ಮೇಲಿರೋರನ್ನೆಲ್ಲ ಕೇಳಿದೀರ. ನನ್ನನ್ನ ಒಂದು ಮಾತು ಕೇಳ್ಲಿಲ್ಲ."

"ನಿಂಗೇನಮ್ಮ ಗೊತ್ತಿರತ್ತೆ?" ಗಂಡನ ದನಿ ಬಿರುಸಾಯಿತು. ಮೂರು ರಾತ್ರಿ ನಿದ್ದೆ ಇರಲಿಲ್ಲ ಅವರಿಗೆ.

"ಭಾನುವಾರ ಭಾನುವಾರ ಅವಳು ನನ್ನ ಹತ್ರ ಏನು ಮಾತಾಡ್ತಾಳೆ ಅಂದ್ಕೊಂಡಿದೀಯ? ಅಲ್ಲಿ ಗಡಿ ಹತ್ರ ನಮ್ಮ ಮಂಗಳೂರು ಕಡೆಯೋರು ಒಬ್ಬರು ಸಿಸ್ಟರ್ ಇದಾರಂತೆ, ಚರ್ಚಿನವರು. ಅನಾಥ ಮಕ್ಕಳ ಮನೆ ನಡೆಸ್ತಾರೆ. ಇವಳು ಅಲ್ಲಿಗೆ ಹೋದ್ರೆ ಕುಚ್ಚಲಕ್ಕಿ ಗಂಜಿ ಮಾಡಿ ಹಾಕ್ತಾರಂತೆ. ಅವರನ್ನ ಕೇಳಿದ್ರಾ?"

ನಾವು ಕೇಳಿರಲಿಲ್ಲ. ಅಂಥವರೊಬ್ಬರು ಇದ್ದಾರೆಂದೇ ನಮಗೆ ಗೊತ್ತಿರಲಿಲ್ಲ.

ನಮ್ಮದೇ ಬ್ಲಾಕಿನ ಕೆಳಗಿನ ಮಹಡಿಯಲ್ಲಿ ಮಂಗಳೂರಿನ ಕ್ರೈಸ್ತ ಕುಟುಂಬವಿತ್ತು. ಅತ್ತೆಯೇ ಮುಂದಾಗಿ ಇಳಿದು ಹೋಗಿ ಬಾಗಿಲು ತಟ್ಟಿದರು. ಆ ಮನೆಯ ಆಂಟಿ ಪೂರ್ತಿ ಕೇಳಿಸಿಕೊಂಡು, ಸೋಫಾದ ಮೇಲೆ ಅತ್ತೆಯನ್ನು ಕೂರಿಸಿ, ಮಂಗಳೂರಿನ ಕಾನ್ವೆಂಟುಗಳಿಗೆ ಒಂದೊಂದಾಗಿ ಫೋನ್ ಹಚ್ಚಿದರು. ಕೊಂಕಣಿಯಲ್ಲಿ ನಡೆದ ಮಾತು ನಮಗೆ ಅರ್ಥವಾಗುತ್ತಿರಲಿಲ್ಲ. ಅವರ ಹುಬ್ಬನ್ನೇ ನೋಡುತ್ತ ಕೂತಿದ್ದೆವು. ಕೊನೆಗೆ ಒಂದು ಕಡೆ, ಹೌದು, ನಮ್ಮವರೊಬ್ಬರು ಅಲ್ಲಿದ್ದಾರೆ ಎಂದರಂತೆ. ಕಾಂಗೋದೊಳಗಿನ ಮನೆಗೆ ಲೈನ್ ಇಲ್ಲ, ಗಡಿಯಿಂದೀಚೆ ಉಗಾಂಡದಲ್ಲಿ ಅವರದೇ ಇನ್ನೊಂದು ಮನೆಯಿದೆ ಎಂದು ಅದರ ನಂಬರು ಕೊಟ್ಟರು.

ಆ ನಂಬರು ಶನಿವಾರ ಸಂಜೆಯವರೆಗೂ ಹತ್ತಲಿಲ್ಲ. ಭಾನುವಾರ ಬೆಳಗಿನಿಂದ ಅತ್ತೆ ಫೋನಿನ ಪಕ್ಕದಿಂದ ಏಳಲಿಲ್ಲ. ನಾದಿನಿ ಫೋನ್ ಮಾಡುತ್ತಿದ್ದ ಹೊತ್ತು ಬಂತು. ಗಡಿಯಾರ ನೋಡಬಾರದೆಂದು ನಾವೆಲ್ಲ ಬೇರೆ ಬೇರೆ ಕಡೆ ನೋಡುತ್ತಿದ್ದೆವು. ಆ ಹೊತ್ತು ದಾಟಿಯೂ ಹೋಯಿತು. ಗಂಡ ಮತ್ತೆ ನಂಬರು ಒತ್ತಿದರು. ಈ ಸಲ ರಿಂಗಾಯಿತು. ಯಾರೋ ಎತ್ತಿಕೊಂಡು, ಸಿಸ್ಟರನ್ನು ಕರೆಯಲು ಹೋದರು. ಗಂಡ ರಿಸೀವರನ್ನು ನನಗೆ ಕೊಟ್ಟರು.

"ಹೇಳಿ, ಯಾರು ಮಾತಾಡುದು?" ಅಚ್ಚ ಮಂಗಳೂರು ಕನ್ನಡ.

ನಾನು ನಾದಿನಿಯ ಹೆಸರು ಹೇಳಿದೆ, ನಾನು ಅವಳ ಅತ್ತಿಗೆ ಎಂದೆ.

"ಅವಳು ಇಲ್ಲೇ ಇದ್ದಾಳೆ. ನಿನ್ನೆ ರಾತ್ರಿ ಮಕ್ಕಳನ್ನು ಕರಕೊಂಡು ನಾವೆಲ್ಲ ನಡೆದೇ ಗಡಿ ದಾಟಿದ್ದು. ಜ್ವರ ಉಂಟು. ಹೆದರಿಕೆ ಇಲ್ಲ."

ನಾನು ಅತ್ತೆಯ ಕಡೆ ತಿರುಗಿದೆ. ಇದ್ದಾಳೆ, ಇದ್ದಾಳೆ ಎಂದು ತಲೆಯಾಡಿಸಿದೆ. ಅತ್ತೆ ರಿಸೀವರ್ ಕಿತ್ತುಕೊಂಡರು. ಸ್ವಲ್ಪ ಹೊತ್ತಿಗೆ ನಾದಿನಿಯೇ ಲೈನಿಗೆ ಬಂದಳು. ಅತ್ತೆ, "ಏನು ತಿಂದೆ?" ಎಂದು ಕೇಳಿದರು. ಆಮೇಲೆ ಸುಮ್ಮನೆ ಕೇಳಿಸಿಕೊಂಡರು. ಅವರ ಮುಖದ ಮೇಲಿದ್ದ ನಗು ನೋಡನೋಡುತ್ತ ಇಳಿಯಿತು.

ಅವಳು ಕೇಳುತ್ತಿದ್ದುದು ಡ್ರೈವರ್ ಬಗ್ಗೆ. ದಾರಿಯಲ್ಲಿ ಬಂದೂಕು ಹಿಡಿದವರು ಅಡ್ಡಗಟ್ಟಿದಾಗ ಅವನು ಇವಳನ್ನು ಕಾಡಿನ ಕಡೆ ತಳ್ಳಿ, ಓಡು ಎಂದನಂತೆ. ತಾನು ಜೀಪಿನ ಹತ್ತಿರವೇ ಕೈ ಎತ್ತಿಕೊಂಡು ನಿಂತನಂತೆ. ಇವಳು ಕಾಡಿನಲ್ಲೇ ನಡೆದು ಸಿಸ್ಟರ ಮನೆ ಸೇರಿದಳಂತೆ. ಅವನು ತಲುಪಿದನಾ, ಅವನ ಸುದ್ದಿ ಏನಾದರೂ ಬಂತಾ ಎಂದು ಕೇಳುತ್ತಿದ್ದಳು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜ್ವರ ಇಳಿದ ಮೇಲೆ ಅವಳು ಸಿಂಗಪುರಕ್ಕೆ ಬಂದಳು. ನೋಡಲು ಬಂದ ಸ್ನೇಹಿತರು ಸ್ವೀಟ್ ತಂದರು, ಪುಣ್ಯವಂತೆ ಎಂದರು. ಅವಳು ತಟ್ಟೆ ಮುಂದಿಟ್ಟುಕೊಂಡು ಕೂತಿರುತ್ತಿದ್ದಳು. ಫೋನ್ ರಿಂಗಾದರೆ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಆಫೀಸಿನವರು ಮಾಡಿದರು. ಜೀಪು ಸಿಕ್ಕಿತ್ತು, ಅಲ್ಲಿಂದ ಸ್ವಲ್ಪ ದೂರದಲ್ಲಿ ಡ್ರೈವರನ ದೇಹವೂ. ಅವಳು ಫೋನ್ ಇಟ್ಟು, ಗೋಡೆಗೆ ಒರಗಿ ನಿಂತಳು. ಅಳಲಿಲ್ಲ. ನನ್ನ ಗಂಡ ಏನೋ ಸಮಾಧಾನ ಹೇಳಲು ಹೋದರು.

ಅತ್ತೆ ಅವರನ್ನು ತಡೆದರು. ಮಗಳ ಹತ್ತಿರ ಹೋಗಿ, ಗಂಟು ಕಟ್ಟಿದ್ದ ಅವಳ ಕೂದಲನ್ನು ಮೆಲ್ಲಗೆ ಬಿಚ್ಚಿದರು.

"ಹೋಗು, ತಲೆಗೆ ನೀರು ಹಾಕ್ಕೊಂಡು ಬಾ," ಎಂದರು. "ಆಮೇಲೆ ನಾನೂ ಹೋಗ್ತೀನಿ."

ನಮ್ಮ ಕಡೆ ಮನೆಯವರು ತೀರಿಕೊಂಡಾಗ ಮಾಡುವ ಸ್ನಾನ ಅದು. ಬಾತ್‌ರೂಮಿನ ಬಾಗಿಲು ಹಾಕಿಕೊಂಡ ಮೇಲೆ, ನೀರಿನ ಸದ್ದಿನ ನಡುವೆ, ಅವಳ ಅಳು ಕೇಳಿಸಿತು. ಅತ್ತೆ ಹೊರಗೆ ಟವೆಲ್ ಹಿಡಿದು ನಿಂತಿದ್ದರು.