ನಾನು ಹೊಡೆಯದ ಬೆಕ್ಕು

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಹೇಳಬೇಕಾಗಿಲ್ಲ, ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಲ್ಲಿ ನನ್ನದೊಂದು ಸೂಟ್‌ಕೇಸು, ಬ್ಯಾಗಿನ ಅಂಗಡಿ. ಗಿರಾಕಿ ಚೌಕಾಸಿಯನ್ನು ಎಳೆದಾಡಿದರೆ ಬ್ಯಾಗನ್ನು ಅವನ ಕೈಯಿಂದ ಕಸಿದು ಮತ್ತೆ ಮೊಳೆಗೆ ತೂಗುಹಾಕುವ ಆಸಾಮಿ ನಾನು. ಆದರೆ ನನ್ನದೆಲ್ಲ ಬಾಯಿ ಅಷ್ಟೇ. ಕೈ ಎಂದೂ ಮುಂದೆ ಹೋಗಿಲ್ಲ, ಮನುಷ್ಯರ ಮೇಲೂ ಇಲ್ಲ, ಪ್ರಾಣಿಯ ಮೇಲೂ ಇಲ್ಲ. ಇದೊಂದನ್ನು ಮಾತ್ರ ಯಾರೂ ನಂಬುವುದಿಲ್ಲ.

ನಮಗೆ ಮಕ್ಕಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಒಂದು ಬೆಕ್ಕಿನ ಸಲುವಾಗಿ ಇಷ್ಟೆಲ್ಲ ರಾಮಾಯಣ ಯಾಕೆ ಅನ್ನುತ್ತೀರಿ. ಬಬಲೇಶ್ವರದಲ್ಲಿರುವ ಚಿಕ್ಕಮ್ಮನನ್ನು ನೋಡಲು ಹೋದ ನನ್ನ ಹೆಂಡತಿ, ಬರುವಾಗ ಬಸ್ಸಿನಲ್ಲಿ ಒಂದು ಬೂದು ಬಣ್ಣದ ಮರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ತಂದಳು. ಜೋರಾಪುರ ಪೇಟೆಯ ನಮ್ಮ ಮನೆ ಹಳೆಯದು, ಇಲಿಯ ಕಾಟ, ಅದಕ್ಕೆ ತಂದೆ ಅಂದಳು. ಆ ಬೆಕ್ಕು ಒಂದಾದರೂ ಇಲಿ ಹಿಡಿದದ್ದನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಅವಳು ರೊಟ್ಟಿ ಬಡಿಯಲು ಕೂತರೆ ಅದು ತೊಡೆಗೆ ಒತ್ತಿಕೊಂಡು ಕೂರುತ್ತಿತ್ತು, ಕೆಲಸ ಮುಗಿದ ಕೂಡಲೇ ತೊಡೆ ಏರುತ್ತಿತ್ತು. ಅದನ್ನು ಅವಳು ಕರೆಯುತ್ತಿದ್ದುದು 'ಯವ್ವಾ' ಎಂದು. ನನ್ನನ್ನು ಊಟಕ್ಕೆ ಕರೆಯುವ ದನಿಯೇ ಬೇರೆ, ಅದನ್ನು ಕರೆಯುವ ದನಿಯೇ ಬೇರೆ. ನನಗೇನೂ ಹೊಟ್ಟೆಕಿಚ್ಚಿರಲಿಲ್ಲ. ಆ ದನಿ ನಮ್ಮ ಮನೆಯಲ್ಲಿ ಕೇಳಿಸಿದ್ದೇ ಬೆಕ್ಕು ಬಂದ ಮೇಲೆ.

ಕಳೆದ ಬೇಸಿಗೆಯಲ್ಲಿ ತಿಕೋಟಾದಿಂದ ಅವಳ ಅಣ್ಣ ಫೋನು ಮಾಡಿದ. ಅತ್ತಿಗೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ, ದ್ರಾಕ್ಷಿ ಕಟಾವಿಗೆ ಬಂದಿದೆ, ಮನೆಯಲ್ಲಿ ಕೈಹಚ್ಚುವ ಹೆಣ್ಣುಮಕ್ಕಳಿಲ್ಲ ಎಂದ. ಅವರದು ಒಣದ್ರಾಕ್ಷಿಯ ಕೆಲಸ. ಗೊನೆಗಳನ್ನು ಎಣ್ಣೆ, ಔಷಧಿ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ, ಬಣ್ಣ ಬರಲೆಂದು ಗಂಧಕದ ಹೊಗೆ ಹಾಕುತ್ತಾರೆ. ಆ ದಿನಗಳಲ್ಲಿ ಮೋಡ ಕವಿದರೆ ಎಲ್ಲರಿಗೂ ಜೀವದಲ್ಲಿ ಜೀವ ಇರುವುದಿಲ್ಲ. ನನ್ನ ಹೆಂಡತಿ ಅಂದೇ ಹೊರಟಳು. ಹೋಗುವಾಗ ನನ್ನ ಊಟದ ಬಗ್ಗೆ ಒಂದು ಮಾತು, ಬೆಕ್ಕಿನ ಊಟದ ಬಗ್ಗೆ ನೂರು ಮಾತು ಹೇಳಿದಳು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಹಾಲು ಹಾಕಿದರೆ ಕುಡಿಯುತ್ತಿತ್ತು, ಸಂಜೆ ಬಾಗಿಲ ಬಳಿ ಕೂತು ಅವಳಿಗಾಗಿ ಕಾಯುತ್ತಿತ್ತು, ನಾನು ಒಬ್ಬನೇ ಬಂದದ್ದನ್ನು ಕಂಡು ಎದ್ದು ಒಳಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಅಡುಗೆಮನೆಯಲ್ಲಿ ವಿಚಿತ್ರ ಸದ್ದು. ಕಿಟಕಿಯ ಜಾಳಿಗೆಯಾಚೆ ಎಲ್ಲಿಯದೋ ಒಂದು ದೊಡ್ಡ ಗಂಡುಬೆಕ್ಕು ಕೂತಿತ್ತು. ಒಳಗೆ ನಮ್ಮದು ಮೈಕೂದಲೆಲ್ಲ ನಿಗುರಿಸಿಕೊಂಡು ಕೂಗುತ್ತಿತ್ತು. ನಾನು ಹೊರಗಿನದನ್ನು ಗದರಿಸಿ ಓಡಿಸಿದೆ. ಆಮೇಲೆ ನಮ್ಮದನ್ನು ಸಮಾಧಾನ ಮಾಡೋಣವೆಂದು ಬಾಗಿದ್ದೇ ತಪ್ಪಾಯಿತು. ಎಗರಿ ನನ್ನ ಕಾಲಿಗೆ ಜೋತುಬಿತ್ತು. ಹಲ್ಲು, ಉಗುರು ಎಲ್ಲ ಒಟ್ಟಿಗೇ. ನಾನು ಹೌಹಾರಿ ಕೂಗಿದೆ, ಹಾಲಿನ ಬೋಗುಣಿ ಉರುಳಿತು, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಬೈದೆ ಅಷ್ಟೇ.

ದವಾಖಾನೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಂದೆ. ಅವತ್ತಿನಿಂದ ನನ್ನನ್ನು ಕಂಡರೆ ಸಾಕು, ಕಿವಿ ಮಡಿಚಿ ಗುರ್ ಎನ್ನುತ್ತಿತ್ತು. ಅಡುಗೆಮನೆಯನ್ನು ಅದಕ್ಕೇ ಬಿಟ್ಟುಕೊಟ್ಟು ನಾನು ಖಾನಾವಳಿಯಲ್ಲಿ ಉಣ್ಣತೊಡಗಿದೆ. ಬಾಗಿಲು ತುಸು ತೆರೆದು, ಹಾಲಿನ ಬಟ್ಟಲನ್ನು ಕಸಬರಿಗೆಯಿಂದ ಒಳಗೆ ತಳ್ಳುತ್ತಿದ್ದೆ. ಇಡೀ ಸ್ಟೇಷನ್ ರಸ್ತೆಯನ್ನು ಹೆದರಿಸುವವನು ನನ್ನದೇ ಮನೆಯಲ್ಲಿ ಕಳ್ಳನ ಹಾಗೆ ಓಡಾಡಿದೆ.

ಇಷ್ಟರಲ್ಲಿ ಪಕ್ಕದ ಮನೆಯ ಹೆಂಗಸು, ಓಣಿಗೆಲ್ಲ ಕಾಕು, ತಿಕೋಟಾಕ್ಕೆ ಫೋನು ಹಚ್ಚಿ ವರದಿ ಒಪ್ಪಿಸಿದ್ದಳು. ನಿನ್ನ ಗಂಡ ಬೆಕ್ಕನ್ನು ಬಡಿಯುತ್ತಿದ್ದಾನೆ, ಕೂಗಾಟ ಕೇಳಲಾಗುವುದಿಲ್ಲ ಎಂದು. ಪಾಪ, ಅವಳಿಗೆ ಕೇಳಿಸಿದ್ದು ಸದ್ದು ಮಾತ್ರ. ಸಂಜೆ ಹೆಂಡತಿಯ ಫೋನು ಬಂತು.

"ಖರೇ ಹೇಳ್ರಿ, ಹೊಡದ್ರೇನು ಅದಕ್ಕ?"

"ನಿನ್ನಾಣಿ, ಕೈ ಎತ್ತಿಲ್ಲ."

"ಕೈ ಎತ್ತಲಾರದ ಅದು ಸುಮ್ಮಸುಮ್ಮನ ಮೈಮ್ಯಾಲ ಬರತೈತೇನ್ರಿ?"

ಕಾಲಿನ ಗಾಯದ ಫೋಟೋ ಕಳಿಸಿದೆ. ಅದನ್ನು ನೋಡಿದವಳು, ಬೆಕ್ಕು ಅಷ್ಟು ಕಚ್ಚಬೇಕಾದರೆ ಎಷ್ಟು ಹೆದರಿರಬೇಕು ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಬಾಳುವೆ ಮಾಡಿದವಳಿಗೆ ನಾನು ಬಾಯಿಬಡುಕನೋ ಕೈ ಮಾಡುವವನೋ ಗೊತ್ತಿಲ್ಲವೇ? ಆಮೇಲಿನ ಫೋನುಗಳಲ್ಲಿ ಅವಳು ಬೆಕ್ಕು ಉಂಡಿತೇ ಎಂದು ಮಾತ್ರ ಕೇಳುತ್ತಿದ್ದಳು. ನಾನು ಉಂಡೆನೇ ಎಂದು ಕೇಳುವುದು ನಿಂತುಹೋಯಿತು.

ದನದ ಡಾಕ್ಟರನ್ನು ಹೋಗಿ ಕಂಡೆ. ಹೊರಗಿನ ಬೆಕ್ಕಿನ ಮೇಲಿನ ಸಿಟ್ಟು ಎದುರಿಗೆ ಸಿಕ್ಕವರ ಮೇಲೆ ತಿರುಗುತ್ತದೆ, ಒಮ್ಮೆ ತಿರುಗಿದರೆ ಬೇಗ ಇಳಿಯುವುದಿಲ್ಲ ಎಂದರು. ಜಾಳಿಗೆಗೆ ರಟ್ಟು ಹೊಡೆದು ಮುಚ್ಚಿ, ಹತ್ತಿರ ಹೋಗಬೇಡಿ, ಯಜಮಾನಿಯ ಹಳೆಯ ಸೀರೆ ಹಾಸಿ ಅಂದರು. ಅವರು ಹೇಳಿದ ಹಾಗೆಯೇ ಮಾಡಿದೆ. ಯಜಮಾನಿ ಬಂದರೆ ಬಹುಶಃ ತಾನೇ ಸರಿಹೋಗುತ್ತದೆ ಎಂದೂ ಅಂದಿದ್ದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ, ನಡುವಿನ 'ಬಹುಶಃ'ವನ್ನು ಬಿಟ್ಟುಬಿಟ್ಟೆ.

ಬೆಕ್ಕು ಸೀರೆಯ ಮೇಲೆ ಸುರುಟಿಕೊಂಡು ಮಲಗಿತು, ಹಾಲು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಇದು ಸತ್ತರೆ ನಾನೇ ಕೊಂದೆ ಅಂತಾಳೆ, ಜೀವನಪೂರ್ತಿ ಅಂತಾಳೆ. ಶೆಡ್ಡಿನ ಕೆಲಸ ಅರ್ಧಕ್ಕಿದೆ, ಆಕಾಶ ಮೋಡ ಹಾಕಿದೆ ಎಂದು ಅವಳು ಹೇಳುತ್ತಿದ್ದರೂ ಕೇಳಲಿಲ್ಲ. "ಎಲ್ಲಾ ಬಿಟ್ಟು ಈಗಿಂದೀಗ ಬಾ. ಅದು ನೀರೂ ಮುಟ್ಟವಲ್ದು" ಅಂದೆ.

ಮಧ್ಯಾಹ್ನದ ಬಸ್ಸಿಗೇ ಬಂದಳು, ಶೆಡ್ಡಿನಲ್ಲಿ ಉಟ್ಟ ಸೀರೆಯಲ್ಲಿಯೇ. ಹೊರಗಿನಿಂದ ಬಂದವರು ಕಾಲು ತೊಳೆಯದೆ ಹೊಸ್ತಿಲು ದಾಟಿದರೆ ಸಾಹುಕಾರನಾದರೂ ಬಿಡದೆ ಬೈಯುವವಳು, ಅಂದು ಚಪ್ಪಲಿಯನ್ನು ಅಲ್ಲೇ ಬಿಸಾಕಿ ನೇರ ಒಳಗೆ ನಡೆದಳು. ಹಿಂದೆ ಹೋದ ನನಗೂ ಅವಳ ಮೈಯಿಂದ ಗಂಧಕದ, ಎಣ್ಣೆಯ ಘಾಟು ಮೂಗಿಗೆ ಹೊಡೆಯಿತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈಗ ನೋಡಲಿ, ಈಗ ಗೊತ್ತಾಗುತ್ತದೆ.

"ಯವ್ವಾ" ಎಂದಳು. ಬೆಕ್ಕು ಎದ್ದಿತು. ಬಾಲ ಮೇಲೆತ್ತಿ ಬಂದೇ ಬಂತು, ನನ್ನ ಎದೆ ಹಗುರಾಯಿತು. ಅವಳು ಕೂತು ಕೈ ಚಾಚಿದಳು. ಅದು ಕೈ ಮೂಸಿತು, ಮತ್ತೊಮ್ಮೆ ಮೂಸಿತು. ಆಮೇಲೆ ಕಿವಿ ಮಡಚಿಹೋದವು. ಅವಳ ಮೊಳಕೈವರೆಗೆ ಹರಿದುಹಾಕಿತು. ಅವಳು ಕೈ ಹಿಂದೆ ಎಳೆದುಕೊಳ್ಳಲೂ ಇಲ್ಲ, ಹಾಗೇ ಕೂತಿದ್ದಳು. ನಾನೇ ಕಂಬಳಿ ಎಸೆದು ಬಿಡಿಸಿದೆ.

ಸಾಬೂನು ಹಚ್ಚಿ ಗಾಯ ತೊಳೆದೆ, ಸೂಜಿ ಹಾಕಿಸಿಕೊಂಡು ಬಂದೆವು. ಇದು ನಿನ್ನ ಮೈಯ ವಾಸನೆಗೆ, ಎರೆದುಕೊಂಡು ಬಾ, ಗುರುತು ಹಿಡಿಯುತ್ತದೆ ಅಂದೆ. ಅವಳು ಸೀಗೆಕಾಯಿ ಹಾಕಿ ತಲೆ ತೊಳೆದಳು, ಮನೆಯ ಸೀರೆ ಉಟ್ಟಳು, ಬಾಗಿಲ ಬಳಿ ನಿಂತು ಮೆತ್ತಗೆ ಕರೆದಳು. ಒಳಗಿನಿಂದ ಬುಸ್ ಎನ್ನುವ ಸದ್ದು ಬಂತು. ಮರುದಿನ ಬೆಳಿಗ್ಗೆಯೂ ಅದೇ. ಹಾಲನ್ನೇನೋ ಕುಡಿಯಿತು, ಅವಳು ಬಾಗಿಲು ಮುಚ್ಚಿದ ಮೇಲೆ.

ಅವಳು ಪಡಸಾಲೆಗೆ ಬಂದು ಗೋಡೆಗೆ ಒರಗಿ ಕೂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ನೀವು ಹೊಡದಿದ್ದಿಲ್ಲ. ನಾ ಸುಮ್ಮನ ನಿಮಗ ಅಂದ್ನಿ" ಎಂದಳು. ಗಾಯದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಅದಕ್ಕ ನಾ ಬ್ಯಾಡಾಗೇನಿ, ಅಷ್ಟ" ಎಂದಳು.

ಆ ಮೊದಲ ಮಾತಿಗಾಗಿ ನಾನು ಎಷ್ಟು ದಿನ ಹಲ್ಲು ಕಚ್ಚಿಕೊಂಡು ಕಾದಿದ್ದೆ! ಅವಳ ಬಾಯಿಂದ ಕೇಳಿದ ಕೂಡಲೇ ಏನೇನು ಅನ್ನಬೇಕೆಂದು ಅಂಗಡಿಯಲ್ಲಿ ಕೂತು ಜೋಡಿಸಿಯೂ ಇಟ್ಟಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಇಲ್ಲ, ಹೊಡದೇನಿ. ಕಸಬರಿಗಿ ತಗೊಂಡು ಹೊಡದೇನಿ. ಅವತ್ತಿಂದ ಅದು ಯಾರನ್ನೂ ನಂಬವಲ್ದು" ಎಂದೆ.

ಅವಳು ತಲೆ ಎತ್ತಿದಳು. "ನನ್ನ ಮ್ಯಾಲ ಆಣಿ ಮಾಡಿದ್ರೆಲ್ರಿ?"

"ಸುಳ್ಳ ಆಣಿ ಮಾಡಿದ್ನಿ."

ಆಗ ಅವಳಿಗೆ ಅಳು ಬಂತು, ಅಳುವಿನ ಜೊತೆ ಬೈಗುಳವೂ ಬಂತು. ಮೂಕ ಪ್ರಾಣಿಯ ಮೇಲೆ ಕೈ ಹೇಗೆ ಬಂತು, ಹೆಂಡತಿಯ ಮೇಲೆ ಸುಳ್ಳು ಆಣೆಗೆ ಬಾಯಿ ಹೇಗೆ ಬಂತು ಎಂದು ಕಾಕುವಿಗೂ ಕೇಳುವ ಹಾಗೆ ಬೈದಳು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡೆ.

ಬೆಕ್ಕು ಈಗ ಕಚ್ಚುವುದಿಲ್ಲ, ಆದರೆ ಅವಳ ತೊಡೆಯ ಮೇಲೆ ಇನ್ನೂ ಬಂದು ಕೂತಿಲ್ಲ. ಅವಳು ಕರೆದಾಗ ಅದು ದೂರ ಸರಿದರೆ ಅವಳು ತಿರುಗಿ ನನ್ನನ್ನು ದುರುಗುಟ್ಟಿ ನೋಡುತ್ತಾಳೆ. ನೋಡಲಿ. ತಾನು ಅದಕ್ಕೆ ಬೇಡಾದೆ ಎಂದುಕೊಂಡು ಅವಳು ಬೆಕ್ಕನ್ನು ನೋಡುವುದನ್ನು ನಾನು ತಾಳಲಾರೆ.